ತುಂಬಿದ ಮನೆಯ ತೂಕ

ನಮ್ಮ ಚಿಕ್ಕಮ್ಮನಿಗೆ ಒಂದು ರೋಗವಿದೆ. ಅವಳ ಸಾಮಾನು ಹೊರಗಿನವರ ಕಣ್ಣಿಗೆ ಬೀಳಬಾರದು. ಹಲ್ಲಿನ ಡಾಕ್ಟರ ಹತ್ತಿರ ಹೋಗುವಾಗಲೂ ಕೈಚೀಲ ಖಾಲಿ ಮಾಡಿ ಒರೆಸಿಕೊಂಡು ಹೋಗುತ್ತಾಳೆ. ಈ ರೋಗವೇ ವ್ಯಾನಿನ ಟೈರುಗಳನ್ನು ತಿಂದುಹಾಕಿತು ಎಂದರೆ ಈಗಲೂ ನನ್ನ ಮೇಲೆ ಹರಿಹಾಯುತ್ತಾಳೆ. ನಿಜ ಹೇಳಿದವರಿಗೆ ಆ ಮನೆಯಲ್ಲಿ ಉಳಿಗಾಲವಿಲ್ಲ.

ಅಂಚೆ ಕಚೇರಿಯ ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಪತ್ರ ವಿಂಗಡಿಸುತ್ತಲೇ ಆಯಸ್ಸು ಕಳೆದವಳು ಅವಳು. ನಿವೃತ್ತಿಯಾದದ್ದೇ ತಡ, ಒಂದು ಹಳೇ ವ್ಯಾನು ಕೊಂಡು, ಒಳಗೆ ಮಂಚ, ಒಲೆ, ಕಪಾಟು, ನೀರಿನ ತೊಟ್ಟಿ ಕೂರಿಸಿಕೊಂಡಳು. ಅದರಲ್ಲೇ ಉಂಡು, ಅದರಲ್ಲೇ ಮಲಗಿ ಊರೂರು ಸುತ್ತಬೇಕೆಂಬ ಆಸೆ. ಚಿಕ್ಕಪ್ಪ ಗೊಣಗುತ್ತಲೇ ಪಕ್ಕದ ಸೀಟು ಹತ್ತಿದರು. ಎರಡು ಪ್ರವಾಸಕ್ಕೆ ಎರಡು ಸಲ ಹಿಂದಿನ ಟೈರು ಒಡೆಯಿತು. ಎರಡನೇ ಸಲವಂತೂ ವ್ಯಾನು ಜಾರಿ ಕಂದಕದ ಅಂಚಿಗೆ ಹೋಗಿ ನಿಂತಿತು.

"ಇನ್ನೊಂದು ಸಲ ಒಡೆದ್ರೆ ಮಾರೋದೇ," ಎಂದ ಚಿಕ್ಕಪ್ಪ ಗಿರಾಕಿಯನ್ನೂ ಹುಡುಕಿಟ್ಟುಕೊಂಡರು. ಚಿಕ್ಕಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಎರಡೂ ಪ್ರವಾಸಕ್ಕೆ ಮುಂಚೆ ಟೈರು ಹಾಕುವಾಗ ಟೈರ್ ಅಂಗಡಿಯವನು ಹೇಳಿದ್ದು ಒಂದೇ ಮಾತು: "ಗಾಡಿ ಹಗುರ ಇದೆಯಮ್ಮ, ಕಾರಿನ ಟೈರೇ ಸಾಕು." ಎರಡನೆಯದೂ ಒಡೆದ ಮೇಲೆ, ಮೂರನೇ ಸಲ ಅಂಗಡಿಗೆ ನಾನೂ ಜೊತೆಗೆ ಹೊರಟೆ. ನೋಡಿದರೆ ಚಿಕ್ಕಮ್ಮ ವ್ಯಾನಿನಿಂದ ಹಾಸಿಗೆ, ಪಾತ್ರೆ, ಸಿಲಿಂಡರ್ ಎಲ್ಲ ಇಳಿಸಿ ಅಂಗಳದಲ್ಲಿ ರಾಶಿ ಹಾಕುತ್ತಿದ್ದಾಳೆ. ತೊಟ್ಟಿಯ ನೀರು ಆಗಲೇ ಚರಂಡಿ ಸೇರಿತ್ತು.

"ಇದೇನು ಅವತಾರ ಚಿಕ್ಕಮ್ಮ?"

"ಅಂಗಡಿಯವರ ಮುಂದೆ ಸಂಸಾರ ಹರಡ್ಕೊಂಡು ಹೋಗ್ತಾರೇನೇ? ಪ್ರತಿ ಸಲ ಹೀಗೇ ಅಲ್ವಾ ಹೋಗೋದು?"

ನನಗೆ ಸಿಟ್ಟು ನೆತ್ತಿಗೇರಿತು. "ಎಲ್ಲಾ ಇಲ್ಲೇ ಇಟ್ರೆ ವ್ಯಾನಲ್ಲಿ ಉಳಿದಿದ್ದೇನು?"

ಅವಳು ಬಾಣಲೆ ಹಿಡಿದುಕೊಂಡೇ ನಿಂತಳು. ರಾಶಿ ನೋಡಿದಳು, ವ್ಯಾನು ನೋಡಿದಳು. "ಅಯ್ಯೋ, ಅವನಿಗೆ ನಾನು ತೋರಿಸಿದ್ದು ಖಾಲಿ ಗಾಡಿ ಕಣೆ," ಎಂದಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಎಲ್ಲ ಸಾಮಾನು ಮತ್ತೆ ಒಳಗೆ. ತೊಟ್ಟಿ ತುಂಬಾ ನೀರು. ಅರ್ಧ ಗಡ್ಡ ಬೋಳಿಸಿದ್ದ ಚಿಕ್ಕಪ್ಪನನ್ನೂ ಎಳೆದು ಕೂರಿಸಿದಳು. ನೇರ ಲಾರಿಗಳನ್ನು ತೂಗುವ ವೇಬ್ರಿಡ್ಜ್‌ಗೆ ಹೋದೆವು.

"ಯಜಮಾನರು ಇಳೀಬೇಕಲ್ವಾ?" ಎಂದು ಕೇಳಿದ ತೂಗುವವನು.

"ಬೇಡ. ಅವರೂ ಸಾಮಾನೇ."

ತೂಕದ ಚೀಟಿ ನೋಡಿ ಟೈರಿನವನ ಹುಬ್ಬು ಮೇಲೇರಿತು. ಹಿಂದಿನ ಚಕ್ರಗಳ ಮೇಲಿದ್ದ ಭಾರ ಕಾರಿನ ಟೈರು ತಡೆಯುವಂಥದ್ದಲ್ಲ. "ಸರಕು ಗಾಡಿ ಟೈರೇ ಬೇಕಮ್ಮ. ಆದ್ರೆ ಒರಟು, ಸೊಂಟ ಹಿಡ್ಕೊಳ್ಳುತ್ತೆ."

"ನನ್ನ ಸೊಂಟದ ಚಿಂತೆ ನಿನಗೆ ಬೇಡಪ್ಪ."

ಅವನು ಎರಡು ಬಗೆ ತಂದಿಟ್ಟ. ಒಂದರ ಮೈಮೇಲೆ ಚೆಂದದ ಗೆರೆಗಳಿದ್ದವು, ಆದರೆ ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಮಾಲು. ಚಿಕ್ಕಮ್ಮ ಮಂಡಿಯೂರಿ ಪಕ್ಕದಲ್ಲಿ ಅಚ್ಚಾಗಿದ್ದ ತಯಾರಿಕೆಯ ವರ್ಷ ಓದಿದಳು, ಎಷ್ಟು ಭಾರ ಹೊರುತ್ತದೆಂದು ಓದಿದಳು. ಗೆರೆ ಸಾದಾ ಇದ್ದರೂ ಹೊಸದಾದ, ಪಕ್ಕ ದಪ್ಪಗಿದ್ದ ಟೈರನ್ನೇ ಆರಿಸಿದಳು. ಗಾಳಿಯನ್ನೂ ಆ ತೂಕಕ್ಕೆ ತಕ್ಕಂತೆ ನಿಂತು ತುಂಬಿಸಿದಳು.

ಮರುವಾರ ಸುಡುಬಿಸಿಲಲ್ಲಿ ಬೆಟ್ಟದ ದಾರಿ ಹತ್ತಿದೆವು. ಟೈರು ಒಡೆದದ್ದೆಲ್ಲ ಇಂಥ ಏರಿನಲ್ಲೇ. ವ್ಯಾನು ಗಡಗಡ ಅನ್ನುತ್ತಿತ್ತು, ಪಾತ್ರೆಗಳು ಕುಣಿಯುತ್ತಿದ್ದವು. ಚಿಕ್ಕಪ್ಪ ಬಾಗಿಲಿನ ಹಿಡಿ ಬಿಡಲಿಲ್ಲ. ಚಿಕ್ಕಮ್ಮ ಮಾತ್ರ ತಿರುವಿನಿಂದ ತಿರುವಿಗೆ ಏರಿಸುತ್ತಲೇ ಹೋದಳು.

ನೆತ್ತಿ ಮುಟ್ಟಿ ನಿಲ್ಲಿಸಿದಾಗ ಚಿಕ್ಕಪ್ಪ ಇಳಿದರು. ನಾಲ್ಕೂ ಟೈರು ಒದ್ದು ನೋಡಿದರು, ಹಿಂದಿನದನ್ನು ಅಂಗೈಯಿಂದ ಮುಟ್ಟಿ ನೋಡಿದರು. ಕೆಳಗೆ ನಾವ್ಯಾರೂ ಹಿಂದೆ ಕಂಡಿರದ ಕಣಿವೆಯೊಂದು ತೆರೆದುಕೊಂಡಿತ್ತು. ಆಗಲೇ ಗಿರಾಕಿಯ ಫೋನು ಬಂತು, ವ್ಯಾನು ನೋಡಲು ಸಂಜೆ ಮನೆಗೆ ಬರಲೇ ಎಂದು.

"ಬರಬೇಡಿ," ಎಂದರು ಚಿಕ್ಕಪ್ಪ, ಚಿಕ್ಕಮ್ಮನಿಗೆ ಕೇಳಿಸುವಷ್ಟು ಜೋರಾಗಿ. "ಸಂಜೆಗಷ್ಟೇ ಅಲ್ಲ. ಇನ್ನು ಮೇಲೆ ನಾವು ಮನೇಲಿ ಸಿಗಲ್ಲ."