ಪ್ರಯಾಣಿಕರ ಬಾಗಿಲು

ಗೆಳೆಯರೇ, ಇವತ್ತು ಮಂಗಳೂರು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ತೀರ್ಥಹಳ್ಳಿಯಲ್ಲಿ ನಮ್ಮ ನೆರೆಮನೆಯವರಾದ ಗಿರಿಜಕ್ಕನ ತಮ್ಮ, ಮಸ್ಕತ್ತಿನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವನು, ಅಲ್ಲೇ ತೀರಿಕೊಂಡ. ಶವ ಇಂದಿನ ವಿಮಾನದಲ್ಲಿತ್ತು. ಗಿರಿಜಕ್ಕ ಹಾರ ಹಿಡಿದು, ಪ್ರಯಾಣಿಕರು ಹೊರಬರುವ ಬಾಗಿಲೆದುರೇ ನಿಂತರು.

“ಅಮ್ಮಾ, ಬಾಡಿ ಇಲ್ಲಿ ಬರಲ್ಲ. ಹಿಂದುಗಡೆ ಕಾರ್ಗೋ ಗೇಟಿಗೆ ಹೋಗಿ,” ಎಂದ ಕಾವಲಿನವನು.

“ಅಲ್ಲಾ ಮಾರಾಯ, ಟಿಕೆಟ್ ತಗಂಡು ಸೀಟಲ್ಲಿ ಕೂತ್ಕಂಡು ಹೋದವ್ನು. ಈಗ ಸಾಮಾನಿನ ಜೊತೆ ಬರ್ತಾನಾ?”

ನಿಯಮ ವಿವರಿಸಲು ನಾನು ಬಾಯಿ ತೆರೆದೆ.

“ತಡಿ ಮಾರಾಯ್ತಿ. ಎಲ್ರೂ ಹೊರಗೆ ಬರ್ಲಿ, ಆಮೇಲೆ ಹೋಗಣ,” ಎಂದರು ಗಿರಿಜಕ್ಕ.

ಟ್ರಾಲಿ ತಳ್ಳಿಕೊಂಡು ಒಬ್ಬೊಬ್ಬರೇ ಬಂದರು. ವಿಮಾನ ನಿಲ್ದಾಣದ ವ್ಯವಸ್ಥೆಯೆಲ್ಲ ನನಗೆ ಚೆನ್ನಾಗಿ ಗೊತ್ತು. ಆದರೂ ಕೊನೆಯ ಪ್ರಯಾಣಿಕ ಹೊರಬರುವವರೆಗೆ ನಾನೂ ಒಂದೊಂದೇ ಮುಖ ನೋಡುತ್ತಿದ್ದೆ.