ಖಾಜಾಮಿಯಾ ಉಸ್ತಾದರ ಸುಣ್ಣದ ಗೋಡೆ

ಹುಮನಾಬಾದಿನಲ್ಲಿದ್ದ ಖಾಜಾಮಿಯಾ ಉಸ್ತಾದರ ಗಾಡಿ ರಿಪೇರಿ ಅಂಗಡಿ ಒಳಗೆಲ್ಲ ಹೊಗೆ, ಗ್ರೀಸಿನಿಂದ ಕಪ್ಪಾಗಿತ್ತು. ಹಿಂದಿನ ಗೋಡೆಯ ಮೇಲೆ ಒಂದು ಚೌಕ ಮಾತ್ರ ಬೆಳ್ಳಗಿರುತ್ತಿತ್ತು. ಅದಕ್ಕೆ ತಿಂಗಳಿಗೊಮ್ಮೆ ಅವರೇ ಸುಣ್ಣ ಬಳಿಯುತ್ತಿದ್ದರು. ಹೆಡ್‌ಲೈಟ್ ರಿಪೇರಿ ಮುಗಿಯಿತೆಂದರೆ ಗಾಡಿಯನ್ನು ಆ ಚೌಕದ ಎದುರು ನಿಲ್ಲಿಸಿ, ಹಾಡುಹಗಲೇ ಶಟರ್ ಎಳೆದು ಕತ್ತಲು ಮಾಡಿ, ಹಿಂದೆ ಸರಿದು ನಿಂತು ನೋಡುತ್ತಿದ್ದರು.

“ಮೀಟರ್ ಅದಲ್ಲರಿ ಉಸ್ತಾದ, ಮತ್ತ ಈ ಗ್ವಾಡಿ ಯಾಕ?” ಎಂದು ನಾನು ಒಮ್ಮೆ ಕೇಳಿದ್ದೆ.

“ಮೀಟರ್ ಬ್ಯಾಟರಿದು ಹೇಳ್ತದ. ಬೆಳಕಿಂದು ನನ್ನ ಕಣ್ಣ ಹೇಳಬೇಕು.”

ಒಬ್ಬ ಲಾರಿ ಡ್ರೈವರ್ ತನ್ನ ಲೈಟನ್ನು ಇನ್ನಷ್ಟು ಮೇಲೆತ್ತಿ ಕೂರಿಸಲು ಹಟ ಹಿಡಿದಾಗ ಅವರು ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟು, “ಎದುರಿನವ ನಿನಗೇನ್ ಮಾಡ್ಯಾನೋ? ಅವಗೂ ಮನಿ ಮುಟ್ಟೋದದ,” ಎಂದು ಅವನನ್ನು ಹಾಗೇ ಕಳಿಸಿಬಿಟ್ಟಿದ್ದರು.

ನಾನು ಬಸವಕಲ್ಯಾಣದ ಆಟೋ ನಗರದಲ್ಲಿ, ಲಾರಿಯ ಬಿಡಿಭಾಗ ಮಾರುವ ಅಂಗಡಿಯ ಕೌಂಟರಿನಲ್ಲಿ ಜೀವಮಾನ ಕಳೆದವನು. ಸಾಮಾನು ಮುಟ್ಟಿಸಲು ಹುಮನಾಬಾದಿಗೆ ಹೋದಾಗಲೆಲ್ಲ ಉಸ್ತಾದರಲ್ಲಿ ಚಹಾ ಆಗುತ್ತಿತ್ತು. ವಯಸ್ಸಾದಂತೆ ಅವರಿಗೆ ಹತ್ತಿರದ ಸಣ್ಣ ಅಕ್ಷರ ಕಾಣದಾಗಿತ್ತು. ದೂರದ್ದು ಮಾತ್ರ ಚೊಕ್ಕ ಕಾಣುತ್ತಿತ್ತು. ಹಾಗಾಗಿ ನಾನು ಹೋದರೆ ಬಿಡಿಭಾಗಗಳ ಮೇಲಿನ ನಂಬರನ್ನೆಲ್ಲ ನನ್ನಿಂದ ಓದಿಸುತ್ತಿದ್ದರು. ಮೆಟ್ರಿಕ್ ಪಾಸಾದವನೆಂದು ನನ್ನನ್ನು ‘ಮಾಸ್ತರ್’ ಎಂದೇ ಕರೆಯುತ್ತಿದ್ದರು. ಆ ಹೆಸರು ನನಗೆ ತುಂಬ ಇಷ್ಟವಾಗಿತ್ತು.

ರಾಜೇಶ್ವರದ ಸಾಹುಕಾರರೊಬ್ಬರ ಬಳಿ ಅವರ ಅಜ್ಜನ ಕಾಲದ ಕಪ್ಪು ಕಾರಿತ್ತು. ಈಗಿನ ಗಾಡಿಗಳಿಗೆ ಹನ್ನೆರಡು ವೋಲ್ಟಿನ ಬ್ಯಾಟರಿ. ಅದಕ್ಕೆ ಆರು ವೋಲ್ಟಿನದು. ಅದರ ಹೆಡ್‌ಲೈಟ್ ಎರಡೂ ಕೆಟ್ಟಿದ್ದವು. ಉಸ್ತಾದರು ಹೈದರಾಬಾದಿನ ಹಳೆ ಸಾಮಾನಿನ ವ್ಯಾಪಾರಿಗಳಿಗೆ ಹೇಳಿಟ್ಟು ಎರಡು ವರ್ಷದಿಂದ ಕಾಯುತ್ತಿದ್ದರು. ಹನ್ನೆರಡರದು ಯಾಕಾಗುವುದಿಲ್ಲ ಎಂದು ಸಾಹುಕಾರರು ಕೇಳಿದರೆ, “ಆರ ರೊಟ್ಟಿ ಬಡಿದ ಮನಿಗೆ ಹನ್ನೆರಡ ಮಂದಿ ಉಣ್ಣಾಕ ಬಂದ್ರ ಹ್ಯಾಂಗ್ರಿ? ಎಲ್ಲಾರೂ ಅರೆಹೊಟ್ಟಿ. ಲೈಟ್ ಹತ್ತತದ, ಬೆಳಕ ಇರಂಗಿಲ್ಲ,” ಎನ್ನುತ್ತಿದ್ದರು.

ಒಂದು ದಿನ ಉಸ್ತಾದರ ಅಂಗಡಿಯ ಮುಂದೆ ನಾಲ್ಕು ಮಂದಿ ಕೂತಿದ್ದಾಗ ನಾನು ಸಾಹುಕಾರರಿಗೆ, “ಉಸ್ತಾದರಿಗೆ ಆಗಲಿಲ್ಲಂದ್ರ ಬಿಡ್ರಿ. ನಾ ಎರಡ ದಿನದಾಗ ತರ್ತೀನಿ,” ಎಂದುಬಿಟ್ಟೆ. ಉಸ್ತಾದರು ನಕ್ಕು, “ತರ್ರಿ ಮಾಸ್ತರ್, ನಿಮ್ಮ ಬಾಯಾಗ ಸಕ್ಕರಿ,” ಎಂದರು.

ಹೈದರಾಬಾದಿನಲ್ಲಿ ಅಳತೆಗೆ ಸರಿಯಾದ ಜೋಡಿ ಸಿಕ್ಕಿತು. ಹಳೆ ಕಾಲದ ಆರು ವೋಲ್ಟಿನದೇ ಎಂದು ಮಾರಿದವನು ಹೇಳಿದ, ನಂಬಿದೆ. ಬಸ್ಸು ಜಹೀರಾಬಾದ್ ದಾಟಿದ ಮೇಲೆ ಪೊಟ್ಟಣ ಬಿಚ್ಚಿ ಹಿಂದಿನ ನಂಬರು ನೋಡಿದೆ. ಹನ್ನೆರಡು. ನಮ್ಮ ಅಂಗಡಿಯಲ್ಲೇ ಸಾಲಾಗಿ ತೂಗುಹಾಕಿದ್ದ ಮಾಲನ್ನು ನಾನು ಹೈದರಾಬಾದಿಗೆ ಹೋಗಿ ತಂದಿದ್ದೆ. ತಪ್ಪಾಯಿತು ಎನ್ನಬಹುದಿತ್ತು. ಆ ನಾಲ್ಕು ಮಂದಿ ನಗುತ್ತಾರೆಂದು ನೆನೆದು ಜೋಡಿಯನ್ನು ಹಾಗೇ ಉಸ್ತಾದರ ಕೈಗೆ ಕೊಟ್ಟೆ.

ಸಾಹುಕಾರರು ಕಾರು ಬಿಟ್ಟು ಪೇಟೆಗೆ ಹೋಗಿದ್ದರು. ಉಸ್ತಾದರು ಲೈಟ್ ಕೂರಿಸಿ ಶಟರ್ ಎಳೆದರು. ಸುಣ್ಣದ ಚೌಕದ ಮೇಲೆ ಚಿಮಣಿ ದೀಪದಂಥ ಕೆಂಪು ಬೆಳಕು ಬಿತ್ತು. ಅವರು ವೈರು ತಡಕಿದರು, ಬ್ಯಾಟರಿ ನೋಡಿದರು. ಎಲ್ಲ ಸರಿಯಿತ್ತು.

“ಮಾಸ್ತರ್, ಹಿಂದ ನಂಬರ್ ಏನದ ಓದ್ರಿ.”

“ಆರು.”

“ಇನ್ನೊಮ್ಮಿ ನೋಡ್ರಿ.”

“ಆರ ಅದ್ರಿ ಉಸ್ತಾದ.”

ಅವರು ಮತ್ತೆ ಗೋಡೆಯ ಕಡೆ ತಿರುಗಿ ಬಹಳ ಹೊತ್ತು ನಿಂತರು. “ನಿಮಗ ಬೆಳಕ ಹ್ಯಾಂಗ ಕಾಣ್ತದ?”

“ಹಾಲಿನಂಗ ಬಿದ್ದದ. ಬರಾಬರ್ ಅದ. ನಿಮ್ಮ ಕಣ್ಣಿಗೇ ಪರದಾ ಬಂದಂಗ ಅದ.”

ಅವರು ಕಣ್ಣು ಉಜ್ಜಿಕೊಂಡರು. ಮತ್ತೊಮ್ಮೆ ಗೋಡೆ ನೋಡಿದರು. ನನ್ನ ಓದು ಒಂದು ಕಡೆ, ಅವರ ಕಣ್ಣು ಒಂದು ಕಡೆ. ಅವರು ನನ್ನ ಓದನ್ನೇ ನಂಬಿದರು.

ಅಂದು ಸಂಜೆ ಕತ್ತಲಾದ ಮೇಲೆ ಸಾಹುಕಾರರ ಕಾರು ಊರಿನ ಹತ್ತಿರ ರಸ್ತೆ ಕಾಣದೆ ಮೋರಿಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಮರುದಿನ ನಾನು ಉಸ್ತಾದರ ಅಂಗಡಿಯಲ್ಲಿದ್ದಾಗಲೇ ಅವರು ಬಂದು ಕೂಗಾಡಿದರು. ಉಸ್ತಾದರು ಕೈಮುಗಿದು, “ನಂದೇ ತಪ್ಪ ಸಾವಕಾರ್ರೆ. ನನ್ನ ನಜರ್ ಹೋಗ್ಯದ,” ಎಂದರು. ನಾನು ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ಅದೇ ವಾರ ಉಸ್ತಾದರು ಅಂಗಡಿ ಮುಚ್ಚಿದರು. ಕಣ್ಣಿಲ್ಲದವನ ಕೈಗೆ ಗಾಡಿ ಕೊಡಬಾರದು ಎಂದು ಬಂದ ಗಿರಾಕಿಗಳಿಗೆ ತಾವೇ ಹೇಳಿ ಕಳಿಸಿದರಂತೆ.

ಸಾಹುಕಾರರು ಬೇರೆಯವರ ಕೈಲಿ ಕಾರಿನ ಬ್ಯಾಟರಿ, ಡೈನಮೋ ತೆಗೆಸಿ ಹನ್ನೆರಡು ವೋಲ್ಟಿನದು ಹಾಕಿಸಿದರು. ನಾನು ತಂದ ಲೈಟುಗಳು ಝಗ್ಗೆಂದು ಉರಿದವು. “ಲೈಟ್ ಚೊಲೋನೇ ಇದ್ದವು, ಮುದುಕನ ಕೈ ಕೆಟ್ಟಿತ್ತು,” ಎಂದು ಅವರು ಹೋದಲ್ಲೆಲ್ಲ ಹೇಳಿದರು. ಆ ಮಾತು ಉಸ್ತಾದರ ಕಿವಿಗೂ ಬಿತ್ತು.

ಅವರು ಬಸ್ಸು ಹತ್ತಿ ನಮ್ಮ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕೂತು, ಗಿರಾಕಿಗಳು ಹೋಗುವ ತನಕ ಕಾದರು.

“ಆ ಲೈಟ್ ಹನ್ನೆರಡರ ಬ್ಯಾಟರಿ ಮ್ಯಾಲ ಉರಿಯಾಕತ್ತಾವಂತ. ಆರರವು ಆಗಿದ್ರ ಹಚ್ಚಿದಾಗೇ ಸುಟ್ಟ ಹೋಗ್ತಿದ್ವು. ಹೌದಲ್ರಿ ಮಾಸ್ತರ್?”

ನಾನು ಕೌಂಟರು ಒರೆಸುತ್ತಿದ್ದೆ.

“ಹಂಗಾದ್ರ ಅವತ್ತ ನನ್ನ ಕಣ್ಣ ಬರಾಬರ್ ಇದ್ವು.”

“ಹೌದ್ರಿ,” ಎಂದೆ.

“ನಂಗೇನೂ ಬ್ಯಾಡ. ಸಾವಕಾರ್ರಿಗೆ ಈ ಒಂದ ಮಾತ ಹೇಳ್ರಿ. ನಾ ಹೇಳಿದ್ರ ನಂಬಂಗಿಲ್ಲ ಅವರು.”

“ಹೇಳ್ತೀನ್ರಿ ಉಸ್ತಾದ.”

ಚಹಾ ತರಿಸಿದೆ. ಅವರು ಮುಟ್ಟಲಿಲ್ಲ. ಅದೇ ಕೊನೆಯ ಭೇಟಿ.

ನಾಳೆ ಹೇಳಿದರಾಯಿತು ಎಂದುಕೊಂಡೆ. ಬೇಸಿಗೆ ಹೋಯಿತು, ಮಳೆಗಾಲ ಹೋಯಿತು. ಹುಮನಾಬಾದಿಗೆ ಹೋಗಬೇಕಾಗಿ ಬಂದರೆ ಆ ಮುಚ್ಚಿದ ಶಟರ್ ಇರುವ ಬೀದಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ. ಚಳಿಗಾಲದಲ್ಲಿ ಒಬ್ಬ ಲಾರಿ ಡ್ರೈವರ್ ಬಲ್ಬು ಕೊಳ್ಳುತ್ತ, ಉಸ್ತಾದರನ್ನು ಮಣ್ಣು ಮಾಡಿ ನಾಲ್ಕು ದಿನವಾಯಿತೆಂದು ಹೇಳಿದ.

ಆಗ ಹೋದೆ ರಾಜೇಶ್ವರಕ್ಕೆ. ಎಲ್ಲವನ್ನೂ ಹೇಳಿದೆ, ನಂಬರಿನ ಸುಳ್ಳು, ಗೋಡೆಯ ಮುಂದಿನ ಸುಳ್ಳು, ಏನನ್ನೂ ಬಿಡಲಿಲ್ಲ. ಸಾಹುಕಾರರು ಎಲೆ ಅಡಿಕೆ ಅಗಿಯುತ್ತ ಕೇಳಿ, “ಹೋದವರ ಮಾತ ಈಗ್ಯಾಕೋ ಬಸಣ್ಣ? ನೀ ತಂದ ಲೈಟ್ ಮಾತ್ರ ಭಾರಿ ಅವ. ಬಾ ತೋರಸ್ತೀನಿ,” ಎಂದು ನನ್ನನ್ನು ಎಬ್ಬಿಸಿಕೊಂಡು ಕಾರು ನಿಲ್ಲಿಸಿದ್ದ ಕೊಟ್ಟಿಗೆಗೆ ಕರೆದೊಯ್ದು, ಬಾಗಿಲು ಮುಚ್ಚಿ ಸ್ವಿಚ್ ಒತ್ತಿದರು.

ಎದುರಿನ ಗೋಡೆಯ ಮೇಲೆ ಬೆಳಕು ಹಾಲಿನಂತೆ ಬಿತ್ತು.

“ಹ್ಯಾಂಗ ಅದ?”

“ಬರಾಬರ್ ಅದ್ರಿ,” ಎಂದೆ.