ನೆಗೆಣ್ಣಿ ಹಚ್ಚಿದ ಗಜ್ಜರಿ

ನನ್ನ ನೆಗೆಣ್ಣಿಗೆ, ಅಂದರೆ ಗಂಡನ ಅಣ್ಣನ ಹೆಂಡತಿಗೆ, ಎಂಟು ಎಕರೆ ಹೊಲವಿದೆ. ಹೊಲವಿದ್ದವರಿಗೆ ಭೂಮಿಯ ಮೇಲಿನ ಗಿಡಗಳ ಗುಣವೆಲ್ಲ ತಾನಾಗಿ ತಿಳಿದುಬಿಡುತ್ತದೆ ಎಂದು ಆಕೆ ನಂಬಿದ್ದಾಳೆ. ಬದುವಿನ ಮೇಲೆ ಛತ್ರಿ ಹಿಡಿದು ನಿಂತು ಕೂಲಿ ಹೆಣ್ಣುಮಕ್ಕಳ ಮೇಲೆ ಒದರುವುದಕ್ಕೆ ಒಕ್ಕಲುತನ ಎನ್ನುವುದಾದರೆ, ಆಕೆಯಂಥ ಒಕ್ಕಲಗಿತ್ತಿ ಸುರಪುರ ತಾಲೂಕಿನಲ್ಲಿ ಇನ್ನೊಬ್ಬಳಿಲ್ಲ. ಮೆಣಸಿನಕಾಯಿ ಅಗಿ ನೋಡಿದ್ದಾಳೆ, ಉಳ್ಳಾಗಡ್ಡಿ ಅಗಿ ನೋಡಿದ್ದಾಳೆ. ಎರಡನ್ನೂ ಒಂದು ಮಡಿಯಲ್ಲಿ ಸಸಿ ಮಾಡಿ, ಆ ಅಗಿಯನ್ನು ಕಿತ್ತು, ಬೇರೆ ಕಡೆ ಹಚ್ಚುತ್ತಾರೆ. ಆಕೆಯ ವಿದ್ಯೆ ಅಲ್ಲಿಗೆ ಮುಗಿಯಿತು.

ನಮ್ಮ ಪಾಲಿಗೆ ಬಂದ ಹೊಲ ಕಾಲುವೆಗೆ ಹೋಯಿತು. ನನ್ನ ಗಂಡ ಶಹಾಪುರದಲ್ಲಿ ಗುಮಾಸ್ತ. ಎರಡು ಕೋಣೆಯ ಮನೆ, ಹಿಂದೆ ನಾಲ್ಕು ಹೊರಸು ಹಾಕುವಷ್ಟು ಹಿತ್ತಲು, ದಿನ ಬಿಟ್ಟು ದಿನ ನಳದ ನೀರು. ಶಿವ ಕೊಟ್ಟದ್ದು ಕಡಿಮೆಯಲ್ಲ, ದಿನಾ ಮುಂಜಾನೆ ವಿಭೂತಿ ಹಚ್ಚಿಕೊಳ್ಳುವಾಗ ಒಂದೊಂದನ್ನೇ ನೆನೆಯುತ್ತೇನೆ. ಆದರೆ ಎಳ್ಳ ಅಮಾವಾಸ್ಯೆ ಹತ್ತಿರ ಬಂದರೆ ನನ್ನ ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು.

ಆ ಹಬ್ಬಕ್ಕೆ ನಾವೆಲ್ಲ ನೆಗೆಣ್ಣಿಯ ಊರಿಗೆ ಹೋಗುತ್ತೇವೆ. ಸಜ್ಜೆ ರೊಟ್ಟಿ, ಕಡುಬು, ಹತ್ತಾರು ತರಹದ ಕಾಯಿಪಲ್ಲೆ ಕೂಡಿಸಿದ ಭಜ್ಜಿ ಹೊತ್ತು ಹೊಲಕ್ಕೆ ನಡೆದು, ಮೊದಲ ತುತ್ತನ್ನು ಬೆಳೆಯ ಮೇಲೆ ಚೆಲ್ಲಿ ಭೂಮಿತಾಯಿಗೆ ಉಣಿಸುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ. ನಮ್ಮ ಮನೆತನದಲ್ಲಿ ಭಜ್ಜಿಗೆ ಪ್ರತಿಯೊಬ್ಬರೂ ತಾವು ಬೆಳೆದದ್ದನ್ನೇ ತರುವುದು ರೂಢಿ. ಹೊಲ ಹೋದ ಮೇಲೆ ನಾನು ಬಜಾರದಿಂದ ಕೊಂಡು ಒಯ್ಯುತ್ತಿದ್ದೆ. ನೆಗೆಣ್ಣಿ ನನ್ನ ಚೀಲವನ್ನು ಸತ್ತ ಇಲಿ ಹಿಡಿದಂತೆ ಎರಡು ಬೆರಳಲ್ಲಿ ಎತ್ತುತ್ತಿದ್ದಳು.

"ನೋಡ್ರಿ ಅತ್ತಿ, ಶಹರದ ಮಂದಿ ಭೂಮ್ತಾಯಿಗೂ ಬಜಾರದ್ದೇ ಉಣಸ್ತಾರ."

ಮನೆಯೆಲ್ಲ ನಗುತ್ತಿತ್ತು. ಇದ್ದ ಒಂದೇ ಚೇಷ್ಟೆಯನ್ನು ವರ್ಷಾ ವರ್ಷಾ ಮಾಡುವವಳು, ವರ್ಷಾ ವರ್ಷಾ ಅದಕ್ಕೇ ನಗುವವರು. ಒಳ್ಳೇ ಜೋಡಿ.

ಮೂರು ವರ್ಷದ ಹಿಂದೆ ನಿಶ್ಚಯಿಸಿದೆ: ಈ ಸಲ ಚರಗದಲ್ಲಿ ನನ್ನ ಕೈಯಿಂದ ಬೆಳೆದದ್ದು ಒಂದಾದರೂ ಬೀಳಬೇಕು. ಬದನೆ, ಅವರೆ, ಮೆಂತ್ಯ ಎಲ್ಲ ಆಕೆಯ ಹೊಲದಲ್ಲಿವೆ. ಗಜ್ಜರಿ ಇಲ್ಲ, ಶಾಲೆಯ ಮಕ್ಕಳು ಕ್ಯಾರೆಟ್ ಅನ್ನುತ್ತವಲ್ಲ, ಅದು. ಬೀಜದ ಅಂಗಡಿಯವನು ಪುಡಿಕೆ ಕೊಡುವಾಗ ಹೇಳಿದ, "ಅಕ್ಕಾರ, ಎರಿ ಮಣ್ಣಿಗೆ ಉಸುಕು ಕೂಡಸ್ರಿ. ಮತ್ತ ಇದನ್ನ ಕಿತ್ತು ಹಚ್ಚಬ್ಯಾಡ್ರಿ. ಬಿತ್ತಿದಲ್ಲೇ ಬೆಳೀಬೇಕು. ಬೇರು ಒಮ್ಮಿ ಅಲುಗಿತು ಅಂದ್ರ ಕಾಲು ಒಡಿತಾವ."

ಪಕ್ಕದ ಮನೆ ಕಟ್ಟಿ ಉಳಿದ ಉಸುಕನ್ನು ಕೇಳಿಕೊಂಡು ತಂದೆ. ನಮ್ಮ ಮಣ್ಣು ಹಸಿಯಿದ್ದರೆ ಕಾಲು ಬಿಡುವುದಿಲ್ಲ, ಒಣಗಿದರೆ ಗುದ್ದಲಿಗೆ ಬಗ್ಗುವುದಿಲ್ಲ. ಮೊಣಕೈ ಆಳ ಅಗೆದು, ಹೆಂಟೆ ಒಡೆದು, ಹಳೆಯ ಜರಡಿಯಲ್ಲಿ ಸಾಣಿಸಿ, ಉಸುಕು ಕೂಡಿಸುವುದಕ್ಕೆ ಎಂಟು ದಿನ ಹಿಡಿಯಿತು. ಗಂಡ ಬಾಗಿಲಲ್ಲಿ ಚಹಾ ಕುಡಿಯುತ್ತ ನಿಂತು ಕೇಳಿದರು, "ಒಂದು ಪಾವು ಗಜ್ಜರಿ ಸಲುವಾಗಿ ಟೊಂಕ ಮುರ್ಕೋತಿ ಏನು?"

"ನಿಮ್ಮ ಟೊಂಕ ಅಲ್ಲಲ್ಲ, ಚಹಾ ಕುಡೀರಿ," ಅಂದೆ.

ಮಹಾನವಮಿಗೆ ಘಟ ಕೂಡಿಸಿದ ದಿನವೇ ಬಿತ್ತಿದೆ. ಬೀಜ ಸಾಸಿವೆಗಿಂತಲೂ ಹಗುರ, ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಒಣ ಉಸುಕಿನಲ್ಲಿ ಬೆರೆಸಿ, ಬೆರಳಿನಿಂದ ಗೀರಿದ ಸಾಲುಗಳಲ್ಲಿ ಉದುರಿಸಿ, ಮೇಲೆ ಹಸಿ ಗೋಣಿತಟ್ಟು ಹಾಸಿದೆ. ಹತ್ತು ದಿನ ಏನೂ ಕಾಣಲಿಲ್ಲ. ಹನ್ನೊಂದನೆಯ ದಿನ ತಟ್ಟು ಎತ್ತಿದರೆ ಹಸಿರು ದಾರದ ತುಂಡುಗಳ ಹಾಗೆ ಸಾಲಾಗಿ ಎದ್ದಿದ್ದವು. ಓಣಿಯ ಕೋಳಿಗಳು ಆ ವಾರ ನಮ್ಮ ಕಡೆ ಸುಳಿಯಲಿಲ್ಲ, ಅಡ್ಡಮಳೆಯೂ ಬರಲಿಲ್ಲ. ಎರಡಕ್ಕೂ ಕೈ ಮುಗಿದೆ. ದಟ್ಟವಾದಲ್ಲಿ ಹೆಚ್ಚಿನ ಸಸಿ ಕಿತ್ತೆಸೆದು, ಉಳಿದವಕ್ಕೆ ಎರಡೆರಡು ಬೆರಳು ಜಾಗ ಬಿಟ್ಟೆ.

ತಿಂಗಳ ಮೇಲೆ ಕೆಂಭಾವಿಯಲ್ಲಿ ನನ್ನ ತಂಗಿಯ ಬಸುರಿ ಮಗಳ ಕುಬಸ, ಅಂದರೆ ಸೀಮಂತ, ಬಂತು. ಎರಡು ದಿನ ಹೋದೆ. ಆ ಎರಡು ದಿನದಲ್ಲಿ ನೆಗೆಣ್ಣಿಗೆ ಶಹಾಪುರದ ಬಜಾರದಲ್ಲಿ ಸೀರೆಯ ಕೆಲಸ ಬಿದ್ದು, ನಮ್ಮ ಮನೆಯಲ್ಲಿ ಇಳಿದುಕೊಂಡಳು. ನಾನು ತಿರುಗಿ ಬಂದು ಚೀಲ ಇಡುವ ಮೊದಲೇ ಹಿತ್ತಲಿಗೆ ಹೋದೆ. ಅರ್ಧ ಮಡಿ ಹೇಗಿತ್ತೋ ಹಾಗೇ ಇತ್ತು. ಇನ್ನರ್ಧದಲ್ಲಿ ಸಸಿಗಳು ಗೇಣಿಗೆ ಒಂದರಂತೆ, ಪೊಲೀಸರು ಸಾಲು ನಿಂತ ಹಾಗೆ ನಿಂತಿದ್ದವು, ತಲೆ ಬಗ್ಗಿಸಿಕೊಂಡು.

"ಯಾರು ಮಾಡಿದ್ರಿ ಇದನ್ನ?"

"ವೈನಿ," ಅಂದರು ಗಂಡ. "ಬಸ್ಸಿನ ಟೈಮ್ ಆತು ಅಂತ ಅರ್ಧಕ್ಕ ಬಿಟ್ಟು ಹೋಗ್ಯಾರ. ಉಳದದ್ದು ನೀ ಹಚ್ಚಬೇಕಂತ."

"ನೀವು ಏನು ಮಾಡಾಕತ್ತಿದ್ರಿ?"

"ನೀರು ಕೊಟ್ಟೆ. ದೊಡ್ಡವ್ರು, ಹೊಲ ಮಾಡೋರು. ಅವ್ರಿಗೆ ಗೊತ್ತಿರೂದಿಲ್ಲೇನು? ಹೋಗ್ಲಿ ಬಿಡು."

'ಹೋಗ್ಲಿ ಬಿಡು' ಎಂಬ ಎರಡು ಮಾತಿನ ಮೇಲೆ ಇಪ್ಪತ್ತೆರಡು ವರ್ಷ ಸಂಸಾರ ನಡೆಸಿದ ಮನುಷ್ಯ. ಹೊಲ ಹೋದಾಗಲೂ ಅದನ್ನೇ ಅಂದಿದ್ದರು.

ನೆಗೆಣ್ಣಿಗೆ ಫೋನ್ ಮಾಡಿದೆ. ಆಕೆ ಉಪಕಾರ ಮಾಡಿದವರ ದನಿಯಲ್ಲೇ ಎತ್ತಿದಳು.

"ಏ ತಂಗಿ, ಇಷ್ಟು ದಟ್ಟಗ ಬಿಟ್ಟೀಯಲ್ಲ, ಅಗಿ ಹಚ್ಚೂದು ಯಾರೂ ಕಲಿಸಿಲ್ಲೇನು ನಿನಗ? ನಮ್ಮ ಉಳ್ಳಾಗಡ್ಡಿ ಹಂಗ ಹಚ್ಚಿ ಬಂದೀನಿ. ನನ್ನ ಬೆನ್ನು ಇನ್ನಾ ನೆಟ್ಟಗಾಗಿಲ್ಲ ನೋಡು."

"ಅಕ್ಕಾ, ಗಜ್ಜರಿ ಕಿತ್ತು ಹಚ್ಚಬಾರದು."

"ಯಾವ ಪುಸ್ತಕದಾಗ ಬರದದ? ಗಡ್ಡಿ ಅಂದಮ್ಯಾಲ ಎಲ್ಲಾ ಗಡ್ಡೀನೇ."

ಫೋನ್ ಇಟ್ಟು ದೇವರ ಮುಂದೆ ಕುಳಿತೆ. ಬಸ್ಸು ಒಂದು ತಾಸು ತಡವಾಗಿ ಬಂದಿದ್ದರೆ ಇಡೀ ಮಡಿ ಹೋಗುತ್ತಿತ್ತು. ಅರ್ಧ ಉಳಿಸಿದೆಯಲ್ಲ ತಂದೆ, ಎಂದೆ. ಕಿತ್ತು ಹಚ್ಚಿದವಕ್ಕೂ ನೀರು ಹಾಕಿದೆ, ಸಸಿಗಳ ತಪ್ಪೇನಿತ್ತು? ನಾಲ್ಕು ದಿನಕ್ಕೆ ಅವೂ ತಲೆ ಎತ್ತಿದವು. ಮೇಲಿನ ಎಲೆ ನೋಡಿದರೆ ಎರಡಕ್ಕೂ ಏನೂ ಫರಕು ಕಾಣುತ್ತಿರಲಿಲ್ಲ. ಅದೇ ನನಗೆ ಚಿಂತೆಯಾಯಿತು. ಒಂದು ವೇಳೆ ಅವು ನೆಟ್ಟಗೆ ಬಂದುಬಿಟ್ಟರೆ, ಇಡೀ ಬೆಳೆ ಆಕೆಯದೇ ಆಗುತ್ತಿತ್ತು. ಆ ಎರಡು ತಿಂಗಳು ಬೀಗರ ಮುಂದೆ, ನೆರೆಯವರ ಮುಂದೆ ಆಕೆ ಅದನ್ನೇ ಸಾರುತ್ತಿದ್ದಳು: ಶಹಾಪುರದಾಗ ನಮ್ಮ ತಂಗಿಗೆ ಗಜ್ಜರಿ ಹಚ್ಚಿಕೊಟ್ಟು ಬಂದೀನಿ.

ಹಬ್ಬದ ಹಿಂದಿನ ದಿನ ಮುಂಜಾನೆ ಅಗೆದೆ. ನನ್ನ ಅರ್ಧದಲ್ಲಿ ಗೇಣುದ್ದದ ಗಜ್ಜರಿ, ಬಣ್ಣ ಸ್ವಲ್ಪ ಮಾಸಲು, ಆದರೆ ನೆಟ್ಟಗೆ. ಆಕೆಯ ಅರ್ಧದಲ್ಲಿ ಬಂದದ್ದನ್ನು ನೋಡಿ ನಾನು ಒಬ್ಬಳೇ ಹಿತ್ತಲಲ್ಲಿ ನಕ್ಕೆ. ಎರಡು ಕಾಲಿನವು, ಮೂರು ಕಾಲಿನವು, ಕಾಲಿಗೆ ಕಾಲು ಸುತ್ತಿಕೊಂಡವು. ಅವನ್ನು ಮನೆಯಲ್ಲೇ ಬಿಟ್ಟು ಹೋಗಬಹುದಿತ್ತು. ಮತ್ತೊಬ್ಬರ ಮಾನ ತೆಗೆಯುವುದು ಪಾಪ ಎಂದು ಗೊತ್ತಿದ್ದೇ ಬೇರೆ ಚೀಲದಲ್ಲಿ ಕಟ್ಟಿಕೊಂಡೆ.

ಮಧ್ಯಾಹ್ನ ನೆಗೆಣ್ಣಿಯ ಅಡುಗೆಮನೆಯಲ್ಲಿ ಹೆಣ್ಣುಮಕ್ಕಳೆಲ್ಲ ಭಜ್ಜಿಗೆ ಹೆಚ್ಚುತ್ತ ಕುಳಿತಿದ್ದರು. ನಾನು ನೆಟ್ಟನೆಯವನ್ನು ಮೊರದಲ್ಲಿ ಸುರಿದದ್ದೇ ನೆಗೆಣ್ಣಿ ಈಳಿಗೆ ಬಿಟ್ಟು ಎದ್ದಳು.

"ಬರ್ರಿ ಅತ್ತಿ, ನೋಡ್ರಿಲ್ಲಿ! ನನ್ನ ಕೈಲೆ ಹಚ್ಚಿದ ಗಜ್ಜರಿ ಹೆಂಗ ಬಂದಾವ!"

"ನಿನ್ನ ಕೈಲೆ ಹಚ್ಚಿದ್ದು ಈ ಚೀಲದಾಗ ಅದಾವ, ಅಕ್ಕಾ," ಅಂದು ಎರಡನೆಯದನ್ನು ಪಕ್ಕದಲ್ಲಿ ಸುರಿದೆ.

ಅತ್ತೆ ಒಂದನ್ನು ಕೈಯಲ್ಲಿ ಹಿಡಿದು, ಕಣ್ಣ ಹತ್ತಿರ ತಂದು, ತಿರುಗಿಸಿ ನೋಡಿದರು.

"ಯವ್ವಾ, ಗಜ್ಜರಿ ಏನ ಇವು, ಮಂದಿ ಏನ? ಚೊಣ್ಣ-ಚಡ್ಡಿ ಹೊಲಸ್ರಿ ಮೊದಲ ಇವಕ್ಕ!"

ವರ್ಷಾ ವರ್ಷಾ ನನಗೆ ನಕ್ಕ ಬಾಯಿಗಳೇ ಆಕೆಗೆ ನಕ್ಕವು. ಅವಕ್ಕೆ ಯಾರಾದರೇನು.

"ಆಕೀ ಮಣ್ಣೇ ಸುಮಾರದ," ಅಂದಳು ನೆಗೆಣ್ಣಿ.

"ಎರಡೂ ಒಂದ ಮಡೀವು, ಅಕ್ಕಾ. ಒಂದ ನೀರು, ಒಂದ ಮಣ್ಣು. ನಿನ್ನ ಕೈ ಒಂದ ಬ್ಯಾರೆ."

ಅತ್ತೆ ಎರಡೂ ರಾಶಿಯನ್ನು ಒಂದೇ ಪಾತ್ರೆಗೆ ಎಳೆದುಕೊಂಡು, "ಹೆಚ್ಚಿದಮ್ಯಾಲ ಎಲ್ಲಾ ಒಂದೇ, ಕೈ ನಡಸ್ರಿ," ಎಂದು ಗದರಿದರು. ಸೊಟ್ಟ ಗಜ್ಜರಿಯ ಸಂದಿಯಲ್ಲಿ ಕೂತ ಮಣ್ಣು ತೆಗೆಯುವುದಕ್ಕೆ ನೆಗೆಣ್ಣಿಗೆ ಸಂಜೆಯಾಯಿತು. ನಾನು ಸಹಾಯ ಮಾಡಲಿಲ್ಲ.

ಮರುದಿನ ಹೊಲದಲ್ಲಿ ಭಾವ ಜೋಳದ ಸಾಲುಗಳಲ್ಲಿ ಚರಗ ಚೆಲ್ಲುತ್ತ ನಡೆದರು. ರೊಟ್ಟಿಯ ಚೂರಿನೊಡನೆ ಕೇಸರಿ ತುಣುಕುಗಳು ಎರೆಮಣ್ಣಿನ ಮೇಲೆ ಬೀಳುವುದನ್ನು ನಾನು ಎಣಿಸುವವರ ಹಾಗೆ ನೋಡಿದೆ. ಊಟಕ್ಕೆ ಕುಳಿತಾಗ ಬೀಗರ ಹೆಣ್ಣುಮಗಳೊಬ್ಬಳು ಕೇಳಿದಳು, "ಗಜ್ಜರಿ ಭಾಳ ಸಿಹಿ ಅದಾವಲ್ರಿ, ಎಲ್ಲಿವು?"

ನೆಗೆಣ್ಣಿ ಸೌಟು ಹಿಡಿದು ನಿಂತಿದ್ದಳು. ನನ್ನ ಹೆಸರು ಬಾಯಿಗೆ ಬರಲಿಲ್ಲ. ತನ್ನದೆನ್ನೋಣವೆಂದರೆ ಅತ್ತೆ ಎದುರಿಗೇ ಕುಳಿತಿದ್ದರು.

"ಬಜಾರದವಲ್ಲ," ಅಂದಳು ಕೊನೆಗೆ. "ಮನೀವು."

ಆ ಬಾಯಿಂದ ಅಷ್ಟು ಬಂದದ್ದೂ ಶಿವನ ಕೃಪೆಯೇ. ತಾಟು ಮುಂದೆ ಮಾಡಿ, "ಇನ್ನೊಂದೀಟು ಹಾಕು ಅಕ್ಕಾ," ಅಂದೆ. ಹಾಕಿದಳು.